ಕಲಿತವರ ಕನ್ನಡ: ಲೂಥರನ್ ಪರಂಪರೆಯ ಮಿಶನರಿಗಳು ಮತ್ತು ನಮ್ಮ ನುಡಿ

ಪ್ರತಿವರ್ಷ ಜೂನ್ ತಿಂಗಳ ಪ್ರವೇಶದ ದಿನಗಳಲ್ಲಿ ನಮ್ಮ ಅಧ್ಯಾಪಕರ ಮೇಜಿನ ಮುಂದೆ ಒಂದು ಪ್ರಶ್ನೆ ತಪ್ಪದೆ ಬಂದು ನಿಲ್ಲುತ್ತದೆ. “ನಮ್ಮ ಮನೆಯಲ್ಲಿ ಕನ್ನಡ ಮಾತನಾಡುವವರಿಲ್ಲ ಮಾಷ್ಟ್ರೇ, ಮಗುವಿಗೆ ಕಷ್ಟವಾಗದೇ?” ಎಂಬುದೇ ಆ ಪ್ರಶ್ನೆ. ಕೇಳುವವರು ತುಳುವರಿರಬಹುದು, ಮಲೆಯಾಳಿಗಳಿರಬಹುದು, ಕೊಂಕಣಿಯವರೋ ಬ್ಯಾರಿಗಳೋ ಮರಾಠಿಗರೋ ಇರಬಹುದು. ಕಾಸರಗೋಡಿನ ಮಣ್ಣಿನಲ್ಲಿ ಇದು ಹೊಸ ಪ್ರಶ್ನೆಯಲ್ಲ. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಪ್ರಶ್ನೆಯ ಧ್ವನಿ ಇನ್ನಷ್ಟು ಆತಂಕದ್ದಾಯಿತು, ಅಷ್ಟೆ.

ಶಾಲೆಯ ಸುವರ್ಣ ಮಹೋತ್ಸವದ ಈ ಶುಭಾವಸರದಲ್ಲಿ ಆ ಪ್ರಶ್ನೆಗೆ ಇತಿಹಾಸದ ಕಡೆಯಿಂದ ಒಂದು ಉತ್ತರವನ್ನು ಕಂಡುಕೊಳ್ಳುವುದು ಈ ಲೇಖನದ ಉದ್ದೇಶ. ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದವರ ಮನೆಮಾತು ಕನ್ನಡವಾಗಿರಲಿಲ್ಲ. ಕನ್ನಡದ ಮಹಾನಿಘಂಟನ್ನು ರಚಿಸಿದವರ ಮನೆಮಾತೂ ಕನ್ನಡವಾಗಿರಲಿಲ್ಲ. ಇಬ್ಬರೂ ಸಾವಿರಾರು ಮೈಲು ದೂರದಿಂದ ಕ್ರೈಸ್ತಧರ್ಮದ ಪ್ರಚಾರಕ್ಕಾಗಿ ಬಂದ ಜರ್ಮನ್ ಪಾದ್ರಿಗಳು. ಬೆಳೆದ ವಯಸ್ಸಿನಲ್ಲಿ ಮಕ್ಕಳಂತೆ ಅಕ್ಷರಾಭ್ಯಾಸ ಮಾಡಿ ಅವರು ಕನ್ನಡವನ್ನು ತಮ್ಮದಾಗಿಸಿಕೊಂಡರು.

ಲೂಥರನ್ ಎಂದರೇನು?

‘ಲೂಥರನ್’ ಎಂಬ ಹೆಸರು ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರರಿಂದ ಬಂದುದು. 1517ರಲ್ಲಿ ಅವರು ಆರಂಭಿಸಿದ ಚಳವಳಿಯು ರೋಮಿನ ಸಭೆಯಿಂದ ಬೇರೆಯಾದ ಪ್ರೊಟೆಸ್ಟಂಟ್ ಸಭೆಗಳ ಹುಟ್ಟಿಗೆ ಕಾರಣವಾಯಿತು. ದೇವರ ವಾಕ್ಯವು ಪುರೋಹಿತರಿಗೆ ಮಾತ್ರ ತಿಳಿಯುವ ಲ್ಯಾಟಿನ್ನಿನಲ್ಲಿ ಉಳಿಯಬಾರದು, ಮನೆಯ ತಾಯಿಯೂ ಸಂತೆಯ ಮನುಷ್ಯನೂ ಆಡುವ ನುಡಿಯಲ್ಲಿ ಇರಬೇಕು ಎಂಬುದು ಅವರ ದೃಢವಾದ ನಿಲುವು. 1522ರಲ್ಲಿ ಹೊಸ ಒಡಂಬಡಿಕೆಯನ್ನೂ 1534ರಲ್ಲಿ ಇಡೀ ಬೈಬಲನ್ನೂ ಅವರು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಜರ್ಮನ್ ಸಾಹಿತ್ಯಭಾಷೆಯ ರೂಪವು ನೆಲೆಗೊಳ್ಳುವುದಕ್ಕೆ ಆ ಅನುವಾದವೇ ಬಹುಮಟ್ಟಿಗೆ ಆಧಾರವಾಯಿತು.

ಈ ನಿಲುವಿಗೆ ಒಂದು ಅನಿವಾರ್ಯ ಪರಿಣಾಮವಿದೆ. ವಾಕ್ಯವು ಕೇಳುವವನ ನುಡಿಯಲ್ಲಿರಬೇಕಾದರೆ ಸಾರುವವನು ಆ ನುಡಿಯನ್ನು ಕಲಿಯಲೇಬೇಕು. ಜನರು ಅದನ್ನು ತಾವೇ ಓದಬೇಕಾದರೆ ಅವರಿಗೆ ಶಾಲೆ ಬೇಕು. ಓದುವ ಪುಸ್ತಕಗಳಿಗೆ ಅಚ್ಚುಕೂಟ ಬೇಕು. ವ್ಯಾಕರಣ, ನಿಘಂಟು, ಪಠ್ಯಪುಸ್ತಕಗಳೆಲ್ಲ ಇದರ ಬೆನ್ನಿಗೇ ಬರುತ್ತವೆ. ಮಿಶನರಿಗಳು ಹೋದಲ್ಲೆಲ್ಲ ಶಾಲೆ ಮತ್ತು ಅಚ್ಚುಕೂಟಗಳು ಜೊತೆಜೊತೆಯಾಗಿ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ.

ಭಾರತದಲ್ಲಿ ಈ ಪರಂಪರೆಯ ಮೊದಲ ಹೆಜ್ಜೆ ಬಿದ್ದುದು ತಮಿಳುನಾಡಿನ ಕಡಲತೀರದ ತರಂಗಂಬಾಡಿಯಲ್ಲಿ. ಅಲ್ಲಿ ಆಗ ಡೆನ್ಮಾರ್ಕಿನವರ ಕೋಟೆಯಿತ್ತು. ಡೆನ್ಮಾರ್ಕಿನ ದೊರೆ ಕಳುಹಿಸಿದ ಬಾರ್ತಲೊಮೇಯುಸ್ ತ್ಸೀಗೆನ್‌ಬಾಲ್ಗ್ ಮತ್ತು ಹೈನ್ರಿಖ್ ಪ್ಲುಟ್ಷೌ ಎಂಬ ಇಬ್ಬರು ಜರ್ಮನ್ ಲೂಥರನ್ ಪಾದ್ರಿಗಳು 1706ರಲ್ಲಿ ಅಲ್ಲಿ ಬಂದಿಳಿದರು. ತ್ಸೀಗೆನ್‌ಬಾಲ್ಗರು ಊರಿನ ಒಬ್ಬ ಮುದಿ ಉಪಾಧ್ಯಾಯರನ್ನು ತಮ್ಮ ಮನೆಯಲ್ಲೇ ಶಾಲೆ ನಡೆಸುವಂತೆ ಬೇಡಿಕೊಂಡು, ಮಕ್ಕಳ ಪಕ್ಕದಲ್ಲಿ ಕುಳಿತು, ಮರಳಿನ ಮೇಲೆ ಬೆರಳಾಡಿಸಿ ತಮಿಳು ಅಕ್ಷರಗಳನ್ನು ಕಲಿತರು. ಒಂಬತ್ತು ವರ್ಷಗಳೊಳಗೆ, 1715ರ ವೇಳೆಗೆ, ಅವರ ತಮಿಳು ಹೊಸ ಒಡಂಬಡಿಕೆ ಅಚ್ಚಾಗಿ ಹೊರಬಂತು. ಮರಳಿನ ಮೇಲೆ ಅಕ್ಷರ ತಿದ್ದಿದ ಅನುಭವ ನಮ್ಮ ಹಿರಿಯ ತಲೆಮಾರಿನವರಿಗೂ ಇದೆಯಷ್ಟೆ.

ಬಾಸೆಲಿನಿಂದ ಮಂಗಳೂರಿಗೆ

ಕನ್ನಡನಾಡಿಗೆ ಈ ಪರಂಪರೆಯನ್ನು ತಂದದ್ದು ಬಾಸೆಲ್ ಮಿಶನ್. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಈ ಸಂಸ್ಥೆಯನ್ನು ಕೇವಲ ಲೂಥರನ್ ಸಂಸ್ಥೆ ಎಂದು ಕರೆಯುವುದು ಸರಿಯಾಗದು. ಸ್ವಿಟ್ಜರ್‌ಲೆಂಡಿನ ರಿಫಾರ್ಮ್ಡ್ ಸಭೆಯವರೂ ದಕ್ಷಿಣ ಜರ್ಮನಿಯ ಲೂಥರನ್ನರೂ ಅದರಲ್ಲಿ ಕೂಡಿ ದುಡಿಯುತ್ತಿದ್ದರು. ಆದರೆ ನಮ್ಮ ಕರಾವಳಿಗೆ ಬಂದವರಲ್ಲಿ ಬಹುಮಂದಿ ವುರ್ಟೆಂಬರ್ಗ್ ಎಂಬ ಜರ್ಮನ್ ಪ್ರಾಂತದ ಲೂಥರನ್ ಮನೆತನಗಳಲ್ಲಿ ಬೆಳೆದವರು.

ಬ್ರಿಟಿಷರಲ್ಲದ ಮಿಶನರಿಗಳಿಗೆ ಭಾರತದ ಬಾಗಿಲು ತೆರೆದುದು 1833ರ ಚಾರ್ಟರ್ ಶಾಸನದ ಮೂಲಕ. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರನ್ನು ಸೇರಿದರು. ಅವರೆಲ್ಲರೂ ಭಾಷಾಪಂಡಿತರಾದರೆಂದು ತಿಳಿಯಬಾರದು. ಮುಂದೆ ಕಣ್ಣೂರಿನಲ್ಲಿ ನೆಲೆಸಿದ ಹೆಬಿಕರು ಕೊನೆಯವರೆಗೂ ದುಭಾಷಿಗಳ ನೆರವಿನಿಂದಲೇ ಬೋಧಿಸಿದರು. ಉತ್ಸಾಹ ಎಲ್ಲರಲ್ಲಿಯೂ ಇತ್ತು. ಭಾಷೆ ಮಾತ್ರ ದುಡಿದವರಿಗೇ ಒಲಿಯಿತು.

ಅಂಥ ದುಡಿಮೆಗಾರರಲ್ಲಿ ಮೊದಲಿಗರು ಹೆರ್ಮನ್ ಮೋಗ್ಲಿಂಗ್. 1811ರಲ್ಲಿ ಜನಿಸಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರ ಓದಿ, 1836ರಲ್ಲಿ ಭಾರತಕ್ಕೆ ಬಂದರು. ಮಂಗಳೂರಿನಲ್ಲಿ ಹುಡುಗರಿಗಾಗಿ ವಸತಿಶಾಲೆಯನ್ನೂ ಉಪದೇಶಿಗಳಿಗಾಗಿ ತರಬೇತಿಯ ತರಗತಿಯನ್ನೂ ನಡೆಸಿದರು. ಹುಡುಗರಿಗೆ ಓದಲು ಕನ್ನಡದಲ್ಲಿ ಅಚ್ಚಾದ ಪುಸ್ತಕಗಳಿಲ್ಲವೆಂಬ ಕೊರತೆ ಅವರನ್ನು ಬಾಧಿಸುತ್ತಿತ್ತು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. 1843ರ ಜುಲೈ 1ರಂದು ಅದೇ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ ಎಂಬ ಪಾಕ್ಷಿಕ ಹೊರಬಂತು. ಕನ್ನಡದ ಮೊದಲ ವೃತ್ತಪತ್ರಿಕೆ ಅದು. ಊರ ಸುದ್ದಿ, ಸರಕಾರದ ಕಾನೂನು, ದೇಶಾಂತರದ ವರ್ತಮಾನ, ಬುದ್ಧಿಯ ಮಾತು, ಕಥೆಗಳು ಅದರಲ್ಲಿರುತ್ತಿದ್ದವು. ಮಂಗಳೂರಿನಲ್ಲಿ ಒಂದು ವರ್ಷವೂ ತುಂಬುವ ಮುನ್ನ, 1844ರಲ್ಲಿ, ಅದು ‘ಕನ್ನಡ ಸಮಾಚಾರ’ ಎಂಬ ಹೆಸರು ಪಡೆದು ಬಳ್ಳಾರಿಗೆ ಹೋಯಿತು. ಪತ್ರಿಕೆಯ ಆಯುಷ್ಯ ಚಿಕ್ಕದು. ಆದರೂ ಜುಲೈ 1ನ್ನು ಕರ್ನಾಟಕದಲ್ಲಿ ಇಂದಿಗೂ ಪತ್ರಿಕಾ ದಿನವನ್ನಾಗಿ ಆಚರಿಸುತ್ತಾರೆ.

ಮೋಗ್ಲಿಂಗರ ಇನ್ನೊಂದು ಕಾರ್ಯ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ. ಅಲ್ಲಿಯವರೆಗೆ ತಾಳೆಗರಿಗಳಲ್ಲಿ ಹುದುಗಿದ್ದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು 1848ರಿಂದ ಆರಂಭವಾದ ಈ ಮಾಲೆಯಲ್ಲಿ ಅಚ್ಚಿನ ಬೆಳಕು ಕಂಡವು. ಇದಕ್ಕೆ ಹಣ ಒದಗಿಸಿದವರು ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿ. ಕ್ರಿಸ್ತನನ್ನು ಸಾರಲು ಬಂದ ಪಾದ್ರಿ ಪುರಂದರದಾಸರ, ಕನಕದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದ್ದು ವಿಚಿತ್ರವೆಂದು ತೋರಬಹುದು. ಜನರ ಮನಸ್ಸನ್ನು ಅರಿಯದೆ ಅವರೊಡನೆ ಮಾತನಾಡಲಾಗದೆಂಬುದು ಅವರ ಮೊದಲ ಕಾರಣ. ಕ್ರಮೇಣ ಆ ಸಾಹಿತ್ಯದ ಮೇಲಿನ ಪ್ರೀತಿಯೂ ಅದಕ್ಕೆ ಸೇರಿಕೊಂಡಿತು. ತಾಯ್ನಾಡಿಗೆ ಮರಳಿದ ಮೇಲೂ ಅವರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿದರು. ಕನ್ನಡ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಅವರಿಗೆ ಡಾಕ್ಟರೇಟ್ ನೀಡಿತು. ಅವರು ತೀರಿಕೊಂಡದ್ದು 1881ರಲ್ಲಿ.

ಎರಡು ನಿಘಂಟುಗಳ ನಡುವಣ ನಾಡು

ಕಾಸರಗೋಡು ಎರಡು ಮಹಾನಿಘಂಟುಗಳ ನಡುವೆ ಇರುವ ಊರು. ನಮ್ಮ ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ತಲಚ್ಚೇರಿ. ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಫೆರ್ಡಿನಾಂಡ್ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು. ತಲಚ್ಚೇರಿಯ ಇಲ್ಲಿಕುನ್ನಿನ ಬಂಗಲೆಯಲ್ಲಿ ಬಹುಕಾಲ ನೆಲೆಸಿದ್ದ ಹೆರ್ಮನ್ ಗುಂಡರ್ಟರು ಮಲೆಯಾಳ–ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸಿದರು. 1872ರಲ್ಲಿ ಅದೂ ಮಂಗಳೂರಿನಲ್ಲೇ ಅಚ್ಚಾಯಿತು. ಗುಂಡರ್ಟ್ ಮತ್ತು ಮೋಗ್ಲಿಂಗ್ ಟ್ಯೂಬಿಂಗನ್ನಿನ ಕಾಲದಿಂದಲೂ ಆಪ್ತ ಗೆಳೆಯರು. ಒಬ್ಬರು ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರೆ, ನಾಲ್ಕು ವರ್ಷಗಳ ತರುವಾಯ 1847ರಲ್ಲಿ ಇನ್ನೊಬ್ಬರು ‘ರಾಜ್ಯಸಮಾಚಾರಂ’ ಎಂಬ ಮಲೆಯಾಳದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಗುಂಡರ್ಟರ ಪತ್ನಿ ಜೂಲಿ ತಲಚ್ಚೇರಿಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದರು. ಜರ್ಮನ್ ಕಾದಂಬರಿಕಾರ ಹೆರ್ಮನ್ ಹೆಸ್ಸೆ ಈ ದಂಪತಿಗಳ ಮೊಮ್ಮಗ.

ಇಂದು ಕನ್ನಡ ಮತ್ತು ಮಲೆಯಾಳಗಳನ್ನು ಒಂದರ ಎದುರು ಇನ್ನೊಂದನ್ನು ನಿಲ್ಲಿಸಿ ಮಾತನಾಡುವ ಪ್ರಸಂಗ ನಮ್ಮ ಜಿಲ್ಲೆಯಲ್ಲಿ ಆಗಾಗ ಒದಗುತ್ತದೆ. ಈ ಇಬ್ಬರು ಗೆಳೆಯರ ಕಥೆಯನ್ನು ಅಂಥ ಸಂದರ್ಭದಲ್ಲಿ ನೆನೆಯುವುದು ಒಳ್ಳೆಯದು. ಒಂದು ನುಡಿಯ ಏಳಿಗೆಗಾಗಿ ಇನ್ನೊಂದನ್ನು ಕುಂದಿಸಬೇಕೆಂದು ಅವರಿಗೆ ತೋರಲಿಲ್ಲ.

ಕಿಟೆಲರ ತಪಸ್ಸು

ಫೆರ್ಡಿನಾಂಡ್ ಕಿಟೆಲರು 1832ರಲ್ಲಿ ಉತ್ತರ ಜರ್ಮನಿಯ ಕರಾವಳಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಲೂಥರನ್ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಬಾಸೆಲಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ, ಇಪ್ಪತ್ತೊಂದರ ತಾರುಣ್ಯದಲ್ಲಿ, ಭಾರತಕ್ಕೆ ಬಂದರು. ಊರ ಜನರಿಗೆ ಹತ್ತಿರವಾಗಿ ಬದುಕಬೇಕೆಂಬ ಅವರ ಹಂಬಲ ಮಿಶನಿನ ಹಿರಿಯರಿಗೆ ಹಿಡಿಸಲಿಲ್ಲ. ಹಲವು ವರ್ಷ ಅವರು ತಮ್ಮವರ ನಡುವೆಯೇ ಒಂಟಿಯಾಗಿದ್ದರು. 1860ರಲ್ಲಿ ಕೈಹಿಡಿದ ಪತ್ನಿ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಆ ಒಂಟಿತನದಲ್ಲಿ ಹಳಗನ್ನಡ ಅವರ ಸಂಗಾತಿಯಾಯಿತು.

1862ರಲ್ಲಿ ಅವರು ‘ಕಥಾಮಾಲೆ’ ಎಂಬ ಕಾವ್ಯವನ್ನು ಪ್ರಕಟಿಸಿದರು. ಅದರಲ್ಲಿ ಹೇಳಿರುವುದು ಯೇಸುವಿನ ಕಥೆ; ಹೇಳಿದ ರೀತಿ ಮಾತ್ರ ನಮ್ಮ ನಾಡಿನ ಛಂದಸ್ಸಿನದು. ಅನಂತರ ಅವರ ದೃಷ್ಟಿ ಹಳೆಯ ಶಾಸ್ತ್ರಗ್ರಂಥಗಳತ್ತ ಹರಿಯಿತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಪ್ರಕಟಿಸಿದರು. ನಿಘಂಟಿಗೆ ಇದೆಲ್ಲ ತಳಪಾಯ. ಒಂದು ಪದಕ್ಕೆ ಅರ್ಥ ಬರೆಯುವ ಮೊದಲು ಆ ಪದವು ಯಾವ ಕವಿಯಲ್ಲಿ, ಯಾವ ಶಾಸ್ತ್ರದಲ್ಲಿ, ಯಾವ ಸೀಮೆಯ ಆಡುಮಾತಿನಲ್ಲಿ ಬಂದಿದೆ ಎಂಬುದಕ್ಕೆ ಆಧಾರ ಬೇಕೆಂಬುದು ಅವರ ನಿಯಮವಾಗಿತ್ತು.

ನಿಘಂಟಿನ ಒಂದು ಪುಟವನ್ನು ತೆರೆದರೆ ಈ ಕ್ರಮ ಕಣ್ಣಿಗೆ ಕಟ್ಟುತ್ತದೆ. ಮೊದಲು ಕನ್ನಡ ಲಿಪಿಯಲ್ಲಿ ಪದ, ಅದರ ಪಕ್ಕದಲ್ಲಿ ರೋಮನ್ ಲಿಪಿಯಲ್ಲಿ ಉಚ್ಚಾರ, ಇಂಗ್ಲಿಷಿನಲ್ಲಿ ಅರ್ಥ, ಪ್ರಯೋಗದ ಆಧಾರ. ಹಲವೆಡೆ ಆ ಪದ ಬರುವ ಗಾದೆಮಾತು. ಅದಕ್ಕೆ ನಂಟಿರುವ ತಮಿಳು, ಮಲೆಯಾಳ, ತೆಲುಗು, ತುಳು ರೂಪಗಳೂ ಅಲ್ಲಿ ಇವೆ. ನಮ್ಮ ಮಕ್ಕಳು ಆಟದ ಬಯಲಿನಲ್ಲಿ ಒಟ್ಟಿಗೆ ಆಡುವ ನುಡಿಗಳು ಆ ಪುಟದಲ್ಲಿ ಸೋದರಿಯರಂತೆ ಸಾಲಾಗಿ ಕುಳಿತಿರುತ್ತವೆ. ಮನೆಯಲ್ಲಿ ತುಳು ಅಥವಾ ಮಲೆಯಾಳ ಆಡುವ ಮಗು ಕನ್ನಡಕ್ಕೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ, ಅರ್ಧ ಬಂಡವಾಳವನ್ನು ತಂದೇ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ಬೇಕಿಲ್ಲ.

1877ರಲ್ಲಿ ಕಿಟೆಲರು ಸ್ವದೇಶಕ್ಕೆ ಮರಳಿದರು. ಆದರೆ ನಿಘಂಟಿನ ಕೆಲಸಕ್ಕೆ ಕನ್ನಡಿಗರ ಬಾಯಮಾತು ಬೇಕಿತ್ತು, ಪಂಡಿತರ ಸಹವಾಸ ಬೇಕಿತ್ತು. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಹಡಗು ಹತ್ತಿ ಬಂದು 1892ರವರೆಗೆ ಇಲ್ಲಿ ದುಡಿದರು. ಕಣ್ಣುಗಳು ಸೋಲುತ್ತಿದ್ದವು. 1894ರಲ್ಲಿ ಸುಮಾರು 70,000 ಪದಗಳ, 1,700ಕ್ಕೂ ಹೆಚ್ಚು ಪುಟಗಳ ನಿಘಂಟು ಲೋಕಾರ್ಪಣವಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೂ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಗ್ರಂಥ ಹೊರಬಂತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಣ್ಮುಚ್ಚಿದರು. ಮುಂದೆ ನಮ್ಮ ಕರಾವಳಿಯವರೇ ಆದ ವಿದ್ವಾಂಸ ಎಂ. ಮರಿಯಪ್ಪ ಭಟ್ಟರು ಈ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಿದರು. 1968ರಿಂದ ಮದರಾಸು ವಿಶ್ವವಿದ್ಯಾಲಯ ಅದನ್ನು ಸಂಪುಟಗಳಲ್ಲಿ ಪ್ರಕಟಿಸಿತು.

ಇಂಥ ಕೆಲಸಗಳು ಒಬ್ಬರಿಂದಲೇ ಆಗುವಂಥವಲ್ಲ. ಪ್ರತಿಯೊಬ್ಬ ಮಿಶನರಿಯ ಪಕ್ಕದಲ್ಲೂ ಒಬ್ಬ ಮುನ್ಶಿ ಇರುತ್ತಿದ್ದ. ತಾಳೆಗರಿ ಓದಿ ಹೇಳಿದ ಪಂಡಿತರು, ಪದ್ಯದ ಅನ್ವಯ ಬಿಡಿಸಿಕೊಟ್ಟವರು, ಅಚ್ಚಿನ ಮೊಳೆ ಜೋಡಿಸಿದವರು, ಗಾದೆ ಹೇಳಿದ ಅಜ್ಜಿಯಂದಿರು ಎಷ್ಟೋ ಮಂದಿ. ಅವರಲ್ಲಿ ಬಹುಮಂದಿಯ ಹೆಸರು ಮುಖಪುಟದ ಮೇಲೆ ಬರಲಿಲ್ಲ. ಕಿಟೆಲರಿಗೆ ಕೈಮುಗಿಯುವಾಗ ಅವರಿಗೆ ಕಲಿಸಿದ ಮೇಷ್ಟ್ರುಗಳಿಗೂ ಕೈಮುಗಿಯಬೇಕು.

ತುಳುವಿನ ಋಣ ಮತ್ತು ಮಾಡಿನ ಹಂಚು

ತುಳುವಿಗೂ ಇವರ ಸೇವೆ ಸಂದಿದೆ. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕುವ ರೂಢಿಯನ್ನು ನೆಲೆಗೊಳಿಸಿದ್ದು ಬಾಸೆಲ್ ಮಿಶನ್. 1847ರಲ್ಲಿ ತುಳು ಹೊಸ ಒಡಂಬಡಿಕೆ, 1872ರಲ್ಲಿ ಬ್ರಿಗೆಲರ ತುಳು ವ್ಯಾಕರಣ, 1886ರಲ್ಲಿ ಮೆನ್ನರರ ತುಳು–ಇಂಗ್ಲಿಷ್ ನಿಘಂಟು ಪ್ರಕಟವಾದವು.

ಪುಸ್ತಕಗಳಷ್ಟೇ ಅಲ್ಲ. ಹೊಸ ಧರ್ಮ ಸ್ವೀಕರಿಸಿದವರು ಜಾತಿಯಿಂದಲೂ ಒಕ್ಕಲುಭೂಮಿಯಿಂದಲೂ ಹೊರಬಿದ್ದಾಗ ಅವರ ಹೊಟ್ಟೆಪಾಡಿನ ಹೊಣೆ ಮಿಶನಿನ ಮೇಲೆ ಬಂತು. ನೇಯ್ಗೆಯ ಕಾರ್ಖಾನೆಗಳು ಹುಟ್ಟಿದ್ದು ಹೀಗೆ. 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಎಂಬ ಕುಶಲಕರ್ಮಿ ಮಿಶನರಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಂಡೆಯ ಜೇಡಿಮಣ್ಣು ಮಂಗಳೂರು ಹಂಚಾಗಿ ಕಡಲಾಚೆಗೂ ಹೋಯಿತು. ನಮ್ಮ ಕಡೆಯ ಹಳೆಯ ಶಾಲೆಗಳ ಮಾಡಿಗೆ ಮುಳಿಹುಲ್ಲಿನ ಬದಲು ಹಂಚು ಬಂದುದರ ಹಿಂದೆ ಈ ಇತಿಹಾಸವಿದೆ.

ನಾಣ್ಯದ ಇನ್ನೊಂದು ಮುಖ

ಉಪಕಾರವನ್ನಷ್ಟೇ ಹೇಳಿದರೆ ಇತಿಹಾಸಕ್ಕೆ ನ್ಯಾಯವಾಗದು. ಇವರು ಬಂದುದು ಮತಪ್ರಚಾರಕ್ಕೆ. ಅದನ್ನು ಅವರು ಎಂದೂ ಮರೆಮಾಚಲಿಲ್ಲ. ಇಲ್ಲಿಯ ದೇವತಾರಾಧನೆಯ ಬಗೆಗೆ ಅವರ ಆರಂಭದ ಬರಹಗಳ ಮಾತು ಬಲು ಕಟು. ನೋವು ಮನೆಮನೆಗಳನ್ನೂ ಹೊಕ್ಕಿತು. 1844ರ ಜನವರಿಯಲ್ಲಿ ಮಿಶನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವಾಯಿತು. ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿದರು. ಕೌಂಡಿನ್ಯರ ಪತ್ನಿ ಅವರೊಡನೆ ಬರಲಿಲ್ಲ. ಅವರು ಬಾಸೆಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿ, ಮಂಗಳೂರಿನಲ್ಲಿ ಬೋಧಕರಾಗಿ ಬಹುಕಾಲ ದುಡಿದರು. ಕೊಡಗಿನ ಆನಂದಪುರದಲ್ಲಿ ದೀನದಲಿತರಿಗಾಗಿ ನೆಲೆಯೊಂದನ್ನು ಕಟ್ಟಲು ನೆರವಾದರು. ಒಬ್ಬನ ಪಾಲಿಗೆ ಬಿಡುಗಡೆಯೆನಿಸಿದುದು ಅವನ ಮನೆಯವರ ಪಾಲಿಗೆ ಅಗಲಿಕೆಯಾಗಿತ್ತು. ಎರಡೂ ಸತ್ಯ.

1914ರ ಮಹಾಯುದ್ಧದಲ್ಲಿ ಜರ್ಮನರು ಬ್ರಿಟಿಷ್ ಸರಕಾರಕ್ಕೆ ಶತ್ರುಗಳಾದರು. ಮಿಶನರಿಗಳು ಬಂಧನಕ್ಕೊಳಗಾಗಿ ಊರಿಗೆ ಕಳುಹಿಸಲ್ಪಟ್ಟರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಅವರು ಕಟ್ಟಿದ ಸಭೆಗಳು ಕಾಲಕ್ರಮದಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದವು. ಅಚ್ಚಾದ ಕನ್ನಡ ಮಾತ್ರ ಎಲ್ಲರ ಸೊತ್ತಾಗಿ ಉಳಿಯಿತು.

ಆ ಪ್ರಶ್ನೆಗೆ ಉತ್ತರ

ನಮ್ಮ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಅವರು ‘ಗೊಲ್ಗೊಥಾ’ ಎಂಬ ಖಂಡಕಾವ್ಯದಲ್ಲಿ ಕ್ರಿಸ್ತನ ಕೊನೆಯ ದಿನವನ್ನು ಚಿತ್ರಿಸಿದರು. ಜರ್ಮನ್ ಪಾದ್ರಿಯೊಬ್ಬರು ಕನ್ನಡ ಛಂದಸ್ಸನ್ನು ಕಲಿತು ಯೇಸುವಿನ ಕಥೆ ಹೇಳಿದರೆ, ಕೊಂಕಣಿ ಮನೆತನದ ಹಿಂದೂ ಕವಿಯೊಬ್ಬರು ಯಾರ ಬೋಧನೆಯ ಒತ್ತಾಯವೂ ಇಲ್ಲದೆ ಅದೇ ಮಹಾನುಭಾವನ ಬಗೆಗೆ ಮಹತ್ತಾದ ಕನ್ನಡ ಕಾವ್ಯ ಬರೆದರು. ಇಬ್ಬರಿಗೂ ಕನ್ನಡ ಹುಟ್ಟಿನಿಂದ ಬಂದುದಲ್ಲ, ದುಡಿದು ಗಳಿಸಿದ್ದು.

“ನಮ್ಮ ಮನೆಯಲ್ಲಿ ಕನ್ನಡ ಮಾತನಾಡುವವರಿಲ್ಲ” ಎಂದು ಹೇಳುವ ತಾಯಿತಂದೆಗಳಿಗೆ ನಾವು ಕೊಡಬಹುದಾದ ಉತ್ತರ ಇದೇ. ಭಾಷೆಯು ಪಿತ್ರಾರ್ಜಿತ ಆಸ್ತಿ ಮಾತ್ರವಲ್ಲ, ಸ್ವಯಾರ್ಜಿತವೂ ಹೌದು. ಆದರೆ ಆ ಗಳಿಕೆಗೆ ಮೂರು ಬೇಕು: ಕಲಿಯುವವನ ಶ್ರಮ, ಕಲಿಸುವ ಗುರು, ಮತ್ತು ಇಬ್ಬರನ್ನೂ ಕೂಡಿಸುವ ಒಂದು ಮಾಡಿನ ನೆರಳು. ಮೊದಲ ಎರಡು ಮನುಷ್ಯರಿಂದ ದೊರೆತಾವು. ಮೂರನೆಯದನ್ನು ಊರೇ ಉಳಿಸಿಕೊಳ್ಳಬೇಕು. ಗಡಿಯಲ್ಲಿ ಒಂದು ಕನ್ನಡ ಶಾಲೆ ಮುಚ್ಚಿದರೆ, ಮನೆಯಲ್ಲಿ ಕನ್ನಡವಿಲ್ಲದ ಮಗುವಿಗೆ ಕನ್ನಡದ ಬಾಗಿಲೇ ಮುಚ್ಚಿದಂತೆ.

ಐವತ್ತು ವರ್ಷ ಆ ಬಾಗಿಲನ್ನು ತೆರೆದಿಟ್ಟ ನಮ್ಮ ಶಾಲೆಗೂ, ಅದಕ್ಕಾಗಿ ಬೆವರಿಳಿಸಿದ ಅಧ್ಯಾಪಕರಿಗೂ, ನಂಬಿ ಮಕ್ಕಳನ್ನು ಕಳುಹಿಸಿದ ನಾನಾ ನುಡಿಯ ಹೆತ್ತವರಿಗೂ ವಂದನೆಗಳು. ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಕಿಟೆಲರ ನಿಘಂಟಿನ ಒಂದು ಪ್ರತಿ ಇರಲಿ, ಅದರ ಪಕ್ಕದಲ್ಲೇ ಗುಂಡರ್ಟರದೂ ಇರಲಿ. ಎರಡನ್ನೂ ತೆರೆದು ಓದಬಲ್ಲ ಮಕ್ಕಳು ಈ ಶಾಲೆಯಿಂದ ಹೊರಬರಲಿ, ಶಾಲೆ ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸುತ್ತೇನೆ.